ಬೋರಲ ಗ್ಲಾಸು

ಜಮಖಂಡಿಯ ಡಿಸೆಂಬರ್ ಮುಂಜಾನಿ.
ಫ್ರಿಜ್ಜಿನ್ಯಾಗಿನ ಬೆಣ್ಣಿ
ಅರ್ಧ ಕಿಲೋ ತೂಕದ ಕಲ್ಲಾಗಿ ಕೂತೈತಿ.
ಚಮಚಲೆ ಒತ್ತಿದೆ: ಖಡಕ್ ರೊಟ್ಟಿ
ಚಟ್ ಅಂತ ಮೂರು ಹೋಳು.

ಇಂದುಮತಿಯ ಬಲಗೈ ಪ್ಲಾಸ್ಟರಿನ್ಯಾಗ.
ಮಂಚದ ಮ್ಯಾಲಿಂದನ ಹೇಳತಾಳ:
"ಸ್ಟೀಲಿನ ಗ್ಲಾಸಿಗೆ ಕುದ್ದ ನೀರ ಹಾಕ್ರಿ,
ಚೆಲ್ರಿ, ಒರಸ್ರಿ,
ಬೆಣ್ಣಿ ಮ್ಯಾಲ ಬೋರಲ ಇಡ್ರಿ.
ಎತ್ತಿ ಎತ್ತಿ ನೋಡಬ್ಯಾಡ್ರಿ ಮತ್ತ."

ಮೂವತ್ತೊಂದು ವರ್ಷ
ಕಬ್ಬಿಣದಂಗಡ್ಯಾಗ ಸರಳು ತೂಗಿದಾಂವ
ಎರಡು ಸಲ ಎತ್ತಿ ನೋಡಿದೆ.

ಮೂರನೇ ಸಲಕ್ಕ ಅಂಚು ಮಿನುಗಿ
ಬೆರಳಿಗೆ ಮಣೀತು.
ಒಂದೀಟು ನಾನೂ ನೆಕ್ಕಿ,
ಉಳಿದದ್ದು ರೊಟ್ಟಿಗೆ ಸವರಿ,
ಗುರೆಳ್ಳ ಚಟ್ನಿ ಉದುರಿಸಿ
ಆಕೀ ಬಾಯಿಗೆ ಹಿಡದೆ.

ಕಚ್ಚಿದಳು. ಸಾವಕಾಶ ಅಗದಳು.
"ಉಪ್ಪ ಕಡಿಮಿ ಆತು" ಅಂದಳು,
ಎಡಗೈಲೆ
ನನ್ನ ಮೀಸಿಗೆ ಹತ್ತಿದ್ದನ್ನ ಒರಸಿಕೋತ.
"ನಾಳಿಗೆ ರಾತ್ರಿನ ಹೊರಗ ತಗದಿಡ್ರಿ."