ಎಡಗೈ ತೂಕ

ಬ್ಯಾಡಗಿಯ ಖಾರ ಕುಟ್ಟುವ ಮಷೀನಿನ ಮುಂದೆ
ನನ್ನ ಡಬ್ಬಿಯ ಪಾಳಿ ಏಳನೆಯದು.
ಒಳಗೆ ಫಕ್ಕೀರವ್ವ: ಮೂಗಿಗೆ ಒದ್ದೆ ಸೆರಗು,
ಹುಬ್ಬಿನ ಮೇಲೆ ಕೆಂಪು ಧೂಳು.
ಕಾಯುವವರೆಲ್ಲ ಸೀನುತ್ತಾರೆ. ಸೀನಿನ ನಡುವೆ ಮಾತು.

'ಟೀಚರ್ರ, ಇವತ್ತ ಸಾಲ್ಯಾಗ ಏನ್ ಹೇಳಿದ್ರಿ?'
ಧೂಳಿನ ಪಾಠ, ಅಂದೆ.
ಸೂರ್ಯನ ಸುತ್ತ ತಿರುಗೋ ಕಲ್ಲೊಂದೈತಿ, ಬೆನ್ನು ಅಂತ ಹೆಸರು.
'ನನ್ನ ಬೆನ್ನಿನಂಗ ಅದೂ ನೋಯ್ತೈತೇನು?'
ಅದರ ಮೈ ಕೆರೆದು ಧೂಳು ತಂದಾರ, ಏಳು ವರ್ಷ ಹೋಗಿಬಂದು.
'ಎಷ್ಟ ತಂದಾರ?'
ನೂರಾ ಇಪ್ಪತ್ತೊಂದು ಗ್ರಾಂ.
ಆಕೆ ತಕ್ಕಡಿಯ ಕಡೆ ನೋಡಿದಳು.
'ಏಳು ವರ್ಷಕ್ಕ, ಅರ್ಧಪಾವಿಗೂ ನಾಕ ಗ್ರಾಂ ಕಡಿಮಿ!'

ಡಬ್ಬಿಯ ಎರಡು ಸ್ಕ್ರೂ ಹಟ ಹಿಡಿದು
ಮುಚ್ಚಳ ತಗಿಯಾಕ ಮೂರು ತಿಂಗಳು ಹಿಡೀತು ಅಂದಾಗ
ಪಾಳಿಯ ಹೆಂಗಸರೆಲ್ಲ ನಕ್ಕರು;
ಉಪ್ಪಿನಕಾಯಿ ಭರಣಿ ತೆಗೆದ ಕೈಗಳು.

ಒಳಗಿತ್ತು ಉಪ್ಪು,
ಎಂದೋ ನೀರಿದ್ದು ಆರಿದ ಗುರುತು,
ನಮ್ಮ ಸವಳು ನೆಲ ಬ್ಯಾಸಗಿಯಲ್ಲಿ ಬೆಳ್ಳಗೆ ಏಳುವಂತೆ.
ಇದ್ದವು ಮಣಿಗಳು: ಜೀವ ತನ್ನ ಪ್ರೋಟೀನಿನ ಸರಕ್ಕೆ
ಪೋಣಿಸುವ ಇಪ್ಪತ್ತರಲ್ಲಿ ಹದಿನಾಲ್ಕು.
'ಮತ್ತ ಜೀವ?'
ಇಲ್ಲವ್ವ. ಬರೇ ಸಂತಿ ಸಾಮಾನು.
ಒಲಿ ಹಚ್ಚಿದವರು ಯಾರೂ ಇಲ್ಲ ಅಲ್ಲಿ.

ಕರೆಂಟ್ ಹೋಯಿತು.
ಮಷೀನು ನಿಂತ ಮೌನದಲ್ಲಿ ನನ್ನ ದನಿ ತೀರ ದೊಡ್ಡದಾಗಿ ಕೇಳಿತು:
ಆ ಮಣಿಗೂ ಕೈ ಇದ್ದಂಗ. ಎಡದ್ದೊಂದು, ಬಲದ್ದೊಂದು, ಕನ್ನಡಿ ಜೋಡಿ.
ಕಲ್ಲಿನ್ಯಾಗ ಎರಡೂ ಹೆಚ್ಚುಕಡಿಮಿ ಸಮ.
ಇಲ್ಲಿ ಮಾತ್ರ, ಹುಲ್ಲು ಇಲಿ ಮೆಣಸಿನ ಬೀಜ ನೀನು ನಾನು,
ಮೈ ಕಟ್ಟಿಕೊಳ್ಳಾಕ ಆರಿಸಿಕೊಂಡದ್ದು ಎಡದ್ದನ್ನ.
'ಯಾಕ್ರಿ?'
ಗೊತ್ತಿಲ್ಲ. ಯಾರಿಗೂ.

ಫಕ್ಕೀರವ್ವ ತನ್ನ ಎಡಗೈ ತಿರುಗಿಸಿ ನೋಡಿದಳು.
ಹುಟ್ಟಾ ಎಡಚಿ. ಎರಡನೆಯ ಇಯತ್ತೆಯಲ್ಲಿ
ಆ ಗೆಣ್ಣುಗಳ ಮೇಲೆಯೇ ಪಟ್ಟಿಯ ಏಟು.
'ಹಂಗಾರ ನನ್ನ ಹೊಡದ ಮಾಸ್ತರ ಮೈಯಾಗೂ?'
ಅವರ ಮೈಯಾಗೂ.
ನಕ್ಕಳು, ನಗು ಸೀನಾಗುವ ತನಕ.

ಕರೆಂಟ್ ಬಂತು. ನನ್ನ ಪಾಳಿ ಬಂತು.
ಎಡಗೈಯಲ್ಲಿ ತೂಗಿದಳು, ಎಂದಿನಂತೆ;
ಎಂದಿನಂತೆ ಬಲಗೈಗೆ ದಾಟಿಸಿಯೇ ಡಬ್ಬಿ ಕೊಟ್ಟಳು.
'ಗಿರಾಕಿ ಏನಂತಾರ್ರಿ.'

ಮನೆಗೆ ಬಂದು ಚೀಟಿ ಬಿಚ್ಚಿದೆ.
ಎರಡು ಕಿಲೋ, ಇಷ್ಟು ರೂಪಾಯಿ ಎಂದು ಬರೆದಿತ್ತು.
ಬರೆದ ಅಂಕಿಯ ಮೇಲೆ ಬರೆಯುವ ಕೈಯೇ ಸರಿದುಹೋಗಿ
ಒಂದು ಕೆಂಪು ಗೀರು, ಎಡದಿಂದ ಬಲಕ್ಕೆ.