ಹತ್ತು ಪೌಂಡಿಗೆ ಒಂದು ಕಾರು

ಹಾಡು ನಾನು ಕೇಳಲಿಲ್ಲ.
ಮೂರು ದಿನ ದಿಬ್ಬದಾಚೆಯಿಂದ ಬಂದದ್ದು
ಬರೀ ಢಬ್ ಢಬ್,
ಯಾರೋ ಅಟ್ಟದ ಮೇಲೆ ಮೂಟೆ ಇಳಿಸಿದ ಹಾಗೆ.
ಹಸುಗಳು ಮೊದಲ ರಾತ್ರಿ ಕಿವಿ ನಿಮಿರಿಸಿದವು,
ಎರಡನೆಯ ರಾತ್ರಿ ಮೆಲುಕಿಗೆ ಅದನ್ನೇ ತಾಳ ಮಾಡಿಕೊಂಡವು.

ಸೋಮವಾರ ನನ್ನ ಪಾಳಿ.
ಪೊವಿಸ್ ಸೀಮೆಯ ಈ ಇಳಿಜಾರು ಹುಲ್ಲುಗಾವಲು
ಶುಕ್ರವಾರ ಹಸಿರು, ಈಗ ಕಲಸಿಟ್ಟ ಹಿಟ್ಟು.
ಅದರೊಳಗೆ ಹೂತ ಆರುನೂರು ಕಾರು,
ನನ್ನದೊಂದು ಕೆಂಪು ಟ್ರ್ಯಾಕ್ಟರು, ಒಂದು ಸರಪಳಿ,
ಗೇಟಿಗೆ ಮಗಳು ಹೆಲೆದ್ ಬರೆದು ಕಟ್ಟಿದ ಹಲಗೆ:
ಹತ್ತು ಪೌಂಡು. ಚೌಕಾಸಿ ಇಲ್ಲ.

ಕೊಂಡಿ ಸಿಕ್ಕಿಸಲು ಬಗ್ಗಿದೆನೋ
ಜನ ಮಾತಿಗೆ ಶುರುಮಾಡುತ್ತಾರೆ.
ಬೆನ್ನಿಗೆ ಹೇಳಿಕೊಳ್ಳುವುದು ಮುಖಕ್ಕೆ ಹೇಳುವುದಕ್ಕಿಂತ
ಸುಲಭವೋ ಏನೋ.

ಸ್ಟೋಕ್ ಊರಿನ ಡೆನ್ಜಿಲ್, ಲೆಕ್ಕ ಬರೆಯುವವನು:
ಟಿಕೆಟ್ಟಿಗೆ ಇಷ್ಟು, ಡೇರೆಗೆ ಇಷ್ಟು,
ಆರಿಹೋದ ಆಲೂಗಡ್ಡೆಗೆ ಒಂಬತ್ತು,
ಬೆರಳು ಮಡಿಸುತ್ತಾ ಹೋದ, ಬೆರಳು ಸಾಲಲಿಲ್ಲ.
‘ಯಾರನ್ನು ಕೇಳಲೆಂದೇ ಬಂದೆನೋ
ಅವರು ಹಾಡಿ ಮುಗಿಸಿದರು,
ನಾನು ಕಕ್ಕಸಿನ ಸಾಲಿನಲ್ಲಿದ್ದೆ.’
ನನ್ನ ಹತ್ತನ್ನೂ ಸೇರಿಸಿ ಬರೆದುಕೊಂಡ.

ಇಬ್ಬರು ಹುಡುಗಿಯರು, ನಾಲ್ಕು ಕಾಲು, ಮೂರು ಬೂಟು.
ನಾಲ್ಕನೆಯದನ್ನು ನೆಲ ನುಂಗಿತಂತೆ, ಪಚಕ್ಕೆಂದು,
ಮೇಲೊಂದು ಗುಳ್ಳೆ ಬಿಟ್ಟಿತಂತೆ.
ನಗು ತಡೆಯದೆ ಒಬ್ಬರ ಮೇಲೊಬ್ಬರು ಬಿದ್ದು
‘ಸಿಕ್ಕಿದರೆ ಕಳಿಸಿಕೊಡಿ’ ಅಂದರು,
ವಿಳಾಸ ಬರೆದೂ ಕೊಟ್ಟರು.

ಆಮೇಲೆ ಗಂಡ ಹೆಂಡತಿ.
ಅವನು ಹಿಂದಿನಿಂದ ತಳ್ಳುತ್ತಿದ್ದ, ಅವಳು ಸ್ಟೇರಿಂಗಿನಲ್ಲಿ.
ಗಾಲಿ ಗಿರ್ರೆಂದು ತಿರುಗಿ
ನೆತ್ತಿಯಿಂದ ಅಂಗಾಲಿನವರೆಗೆ ಅವನಿಗೆ ರಾಡಿಯ ಅಂಗಿ.
ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.
ಅವನು ನಗಲಿಲ್ಲ.
ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಕೂತ.

ಬೆರಿಲ್‌ಗೆ ಅರವತ್ತೆಂಟು, ಕಾಲಿಗೆ ಪಟ್ಟಿ.
ಬಂದ ಮೊದಲ ಗಂಟೆಗೇ ಜಾರಿ
ಮೂರೂ ದಿನ ದಾದಿಯರ ಡೇರೆಯ ಮಂಚದ ಮೇಲೆ.
‘ಮರುಕ ಪಡಬೇಡಿ’ ಎಂದಳು, ನಾನು ಪಡುವ ಮೊದಲೇ.
‘ಎಲ್ಲಾ ಕೇಳಿದೆ. ಕ್ಯಾನ್ವಾಸಿನ ಮೇಲೆ ಮಳೆ ಯಾವುದು,
ಕೊನೆಯ ಹುಡುಗನ ಡೋಲು ಯಾವುದು ತಿಳಿಯದೆ
ಎರಡಕ್ಕೂ ಚಪ್ಪಾಳೆ ತಟ್ಟಿದೆ.’

ಒಬ್ಬ ಹುಡುಗ ಏನೂ ಹೇಳಲಿಲ್ಲ.
ಕಾರಿನ ತುಂಬ ಮೂವರ ಸಾಮಾನು,
ಒಳಗೆ ಅವನೊಬ್ಬನೇ.
ನಾನೂ ಕೇಳಲಿಲ್ಲ. ಹಣವನ್ನೂ.

ವಾದ್ಯದವರ ವ್ಯಾನೂ ಅಚ್ಚಿನವರೆಗೆ ಹೂತಿತ್ತು.
‘ಹೇಗಿತ್ತು ನಮ್ಮದು?’ ಎಂದ ಉದ್ದಗೂದಲಿನವ.
‘ಹಸುಗಳಿಗೆ ಹಿಡಿಸಿತು’ ಎಂದೆ.
ಗಂಭೀರವಾಗಿ ತಲೆದೂಗಿದ,
ಬಹಳ ದಿನದಿಂದ ಆ ಮಾತಿಗೇ ಕಾದಿದ್ದವನ ಹಾಗೆ.

ಕೈ ಕೆಸರಾದರೆ ಬಾಯಿ ಮೊಸರಂತೆ.
ಅವರಿಗೆ ಕೈ, ಕಾಲು, ಕಿವಿಯ ಸಂದಿಯೂ ಕೆಸರು;
ಮೊಸರು ಮಾತ್ರ ನನ್ನ ಜೇಬಿಗೆ.
ಹೇಳಿಬಿಡುತ್ತೇನೆ, ಹೆಲೆದ್ ಮಲಗಿದ್ದಾಳೆ:
ಭಾನುವಾರ ರಾತ್ರಿ ಮಳೆ ನಿಂತಿತ್ತು.
ಗಾಳಿ ಎದ್ದಿತ್ತು, ನೆಲ ಬಿಗಿಯತೊಡಗಿತ್ತು.
ನಾನೇ ಹೋಗಿ ದನದ ಬಾನಿಯನ್ನು
ಗೇಟಿನ ಬುಡದಲ್ಲಿ ಮಗುಚಿ ಬಂದೆ.
ಒಂದೇ ಬಾನಿ.
ಸರಿ, ಎರಡು.

ಸಂಜೆ ಕೊನೆಯ ಕಾರು ರಸ್ತೆ ಮುಟ್ಟಿದ ಮೇಲೆ
ಆ ಬೂಟು ಹುಡುಕಿಕೊಂಡು ಇಳಿದೆ,
ವಿಳಾಸದ ಚೀಟಿ ಒದ್ದೆಯಾಗದಂತೆ ಟೋಪಿಯೊಳಗಿಟ್ಟು.
ಸಿಕ್ಕಿದ್ದು ಒಂದು ಚಮಚ, ಹರಿದ ಡೇರೆಯ ಹಗ್ಗ,
ಮಗುವಿನ ಒಂದು ಕೈಗವಸು.
ಆಚೆ ವೇದಿಕೆ ಕಳಚುತ್ತಿದ್ದರು.
ಮೈಕು ಬಿಚ್ಚುವ ಮೊದಲು ಯಾರೋ ಅದರೊಳಗೆ
‘ಒಂದು... ಎರಡು...’ ಅಂದರು.
ಖಾಲಿ ಗದ್ದೆಯಿಡೀ ಅದು ಹರಡಿತು.
ಮೊಣಕಾಲವರೆಗೆ ಹೂತು ನಿಂತು
ನಾನು ಮೂರಕ್ಕೆ ಕಾದೆ.