ಅಂದಾಜು

ನಾನು ಗೆರೆ ಮುಟ್ಟುವ ಹೊತ್ತಿಗೆ
ಗೆರೆಯೇ ಇರಲಿಲ್ಲ.
ಸುಣ್ಣದ ಪುಡಿಯ ಮೇಲೆ ಕತ್ತೆಗಾಡಿಯೊಂದು ಹಾದುಹೋಗಿತ್ತು.
ಗಾಳಿ ಬಿಟ್ಟ ಕಮಾನನ್ನು ಇಬ್ಬರು ಹುಡುಗರು
ಕಂಬಳಿಯ ಹಾಗೆ ಮಡಚುತ್ತಿದ್ದರು.
ಕೊಸ್ಗೈ ಮಾಸ್ತರರು ಗಡಿಯಾರ ಪೆಟ್ಟಿಗೆಗೆ ಹಾಕಿ
ಬೀಗವನ್ನೂ ಜಡಿದಾಗಿತ್ತು.
"ಅರೆ ಜೆರುಟೊ, ನೀನಿನ್ನೂ ಇದ್ದೀಯಾ?"
ಸೂರ್ಯನ ಕಡೆ ನೋಡಿದರು, ಆರಿದ ಚಹದ ಕಡೆ ನೋಡಿದರು,
ಪುಸ್ತಕದ ಕೊನೆಯ ಸಾಲಿನಲ್ಲಿ ಬರೆದರು:
ಎರಡು ಗಂಟೆ ಐವತ್ತಾರು ನಿಮಿಷ. ಅಂದಾಜು.

ಇತೆನ್‌ನಲ್ಲಿ ಹುಟ್ಟಿ ನಿಧಾನ ಓಡುವುದೆಂದರೆ
ಬೆಸ್ತರ ಕೇರಿಯಲ್ಲಿ ಈಜು ಬಾರದವಳಾದ ಹಾಗೆ.
ಇಲ್ಲಿ ಹಾಲಿಗೆ ಹೋದ ಹುಡುಗನೂ ಓಡುತ್ತಾನೆ,
ಓಡದವರು ಒಂದೋ ಪಾದ್ರಿ, ಇಲ್ಲವೇ ಪೊಲೀಸು.
ತರಬೇತಿಗೆಂದು ಬಂದ ಪರದೇಶದವರು
ನನ್ನ ಉದ್ದ ಕಾಲು ನೋಡಿ, ದನಿ ತಗ್ಗಿಸಿ
"ನಿಮ್ಮ ಸಮಯ ಎಷ್ಟು?" ಎನ್ನುತ್ತಾರೆ.
ಸಂಜೆ ಆರರವರೆಗೆ ಅಂಗಡಿ ತೆರೆದಿರುತ್ತೆ, ಎನ್ನುತ್ತೇನೆ.

ನಾನು ದರ್ಜಿ.
ಗೆಲ್ಲುವವರ ಚಡ್ಡಿಗೆ ಇಲಾಸ್ಟಿಕ್ ಹಾಕುವವಳು.
ಒಬ್ಬೊಬ್ಬರ ಸೊಂಟವೂ ನನ್ನ ಪುಸ್ತಕದಲ್ಲಿದೆ:
ಇಪ್ಪತ್ತಾರು, ಇಪ್ಪತ್ತೇಳು,
ಬಹುಮಾನ ಬಂದ ವರ್ಷ ಇಪ್ಪತ್ತೊಂಬತ್ತು.

ಜೆಮೊಸೊಪ್ ಎಂಬ ಹುಡುಗಿ ಮಂಡಿ ನೋವೆಂದು ಊರಿಗೆ ಹೋಗುವಾಗ
ಎರಡು ರವಿಕೆಯ ಕೂಲಿಗೆ ಬದಲಾಗಿ
ತನ್ನ ಬೂಟು ಬಿಟ್ಟುಹೋದಳು. ನನಗೆ ಒಂದು ನಂಬರ್ ದೊಡ್ಡದು.
ತುದಿಗೆ ಕತ್ತರಿಸಿ ಉಳಿದ ಚಿಂದಿ ತುರುಕಿದೆ,
ಹಳದಿ ಹೂವಿನದು, ಯಾರದೋ ಮದುವೆಯದು.
ನಲವತ್ತೇಳನೇ ವಯಸ್ಸಿಗೆ ಯಾಕೆ ಎಂದು ಕೇಳಿದರೆ
ಇಷ್ಟೇ: ಬೂಟು ಇತ್ತು.

ಹದಿನಾಲ್ಕನೇ ಕಿಲೋಮೀಟರಿಗೆ ನನ್ನ ಹಿಂದೆ
ಆಂಬ್ಯುಲೆನ್ಸು, ಮೊದಲ ಗೇರಿನಲ್ಲಿ, ರೇಡಿಯೋ ಹಾಡಿಸಿಕೊಂಡು.
"ಹತ್ತಿ ಮಾಮಾ, ಯಾರೂ ನೋಡಲ್ಲ."
ಎಡಕ್ಕೆ ಕೆರಿಯೊ ಕಣಿವೆ ಪಾತಾಳದವರೆಗೆ ಬಾಯಿ ತೆರೆದಿತ್ತು.
ಅದು ನೋಡುತ್ತಿತ್ತು.

ಪದಕ ಕೊಟ್ಟರು, ಬಾಳೆಹಣ್ಣು ಕೊಟ್ಟರು.
ಆ ಒಂದು ಪದ ಮಾತ್ರ
ಉಗುರ ಸಂದಿಗೆ ಹೊಕ್ಕ ಸೂಜಿ.
ಇಪ್ಪತ್ತೆರಡು ವರ್ಷದಲ್ಲಿ
ಅಂದಾಜಿಗೆ ಒಂದು ಗುಂಡಿ ಹಚ್ಚಿದವಳಲ್ಲ ನಾನು.

ಈಗ ನಸುಕಿನ ಐದೂವರೆಗೆ ಕೆಮ್ಮಣ್ಣಿನ ದಾರಿ.
ಮಂಗಳವಾರ ಏರು, ಗುರುವಾರ ಮರದ ಮಿಲ್ಲಿನ ತನಕ,
ಶನಿವಾರ ಉದ್ದದ್ದು. ಭಾನುವಾರ ಚರ್ಚಿನಲ್ಲಿ
ಮೊಣಕಾಲೂರಲು ಆಗುವುದಿಲ್ಲ, ದೇವರು ಅರ್ಥ ಮಾಡಿಕೊಳ್ಳಲಿ.
ಹಿಂದಿನಿಂದ ಮೂವತ್ತು ಜನ ಬರುತ್ತಾರೆ, ಮಾತಿಲ್ಲ,
ಹೊಲಿಗೆಯಂತ್ರ ಉದ್ದನೆಯ ಅಂಚಿನ ಮೇಲೆ ಓಡಿದ ಸದ್ದು,
ಬಂದರು ಅನ್ನುವಷ್ಟರಲ್ಲಿ ಬೆನ್ನು, ಆಮೇಲೆ
ಹಲ್ಲಿನ ನಡುವೆ ಅವರ ಧೂಳು.
ಕೊನೆಯವನು ತಿರುಗದೆಯೇ ಎರಡು ಬೆರಳೆತ್ತುತ್ತಾನೆ.
ಅವನ ಜೇಬಿನ ಜಿಪ್ಪು ನನ್ನದೇ ಕೆಲಸ.

ಶಾಲೆಯ ಮಕ್ಕಳು "ಪೋಲೆ ಪೋಲೆ" ಎಂದು ಕೂಗುತ್ತಾರೆ,
ನಿಧಾನ, ನಿಧಾನ. ಅವರನ್ನೇ ಒಂದು ಸಂಜೆ ಹಿಡಿದು
ಟೇಪಿನ ತುದಿ ಹಿಡಿಸಿದೆ.
ಅರವತ್ತೈದು ಟೇಪು, ಮೇಲೆ ಮೂವತ್ತೇಳು ಇಂಚು:
ಅಷ್ಟಕ್ಕೆ ನೂರು ಮೀಟರು.
ನೀಲಗಿರಿ ಮರದ ಬೊಡ್ಡೆಗೆ ನೀಲಿ ಸೀಮೆಸುಣ್ಣದಲ್ಲಿ
ಗೀಟು ಎಳೆದೆ. ಮಳೆ ಬಂದರೆ ಅಳಿಸುತ್ತದೆ,
ಮತ್ತೆ ಅಳೆಯುತ್ತೇನೆ.

ನಿನ್ನೆ ಕೊಸ್ಗೈ ಮಾಸ್ತರರು ಅಂಗಡಿಗೆ ಬಂದರು,
ಜೂನ್ ತಿಂಗಳ ಓಟಕ್ಕೆ ಹೊಸ ಪ್ಯಾಂಟು ಬೇಕಂತೆ.
"ಅಳತೆ ಯಾಕೆ ಜೆರುಟೊ? ಬರಕೋ,
ಮೂವತ್ತಾರು, ಅಂದಾಜು."
ಬಾಯಿ ತುಂಬ ಗುಂಡುಸೂಜಿ ಇತ್ತು, ಮಾತಾಡಲಿಲ್ಲ.
ಟೇಪನ್ನು ಸುತ್ತ ತಂದು ಹಿಡಿದೆ, ಕಾದೆ,
ಒಂದೊಂದೇ ಸೂಜಿ ಮೇಜಿನ ಮೇಲಿಟ್ಟೆ.
"ಉಸಿರು ಬಿಡಿ ಮಾಸ್ತರೇ," ಅಂದೆ,
"ಹೊಟ್ಟೆ ಒಳಗೆಳೆದುಕೊಳ್ಳಬೇಡಿ."